ಬಿಚ್ಚಿಟ್ಟಿದ್ದ ಹಿಡಿಕೆ

ಯುಗಾಂಡಾದಿಂದ ಮರಳಿ ಬಂದ ಮೊದಲ ವಾರ ಪ್ರೇಮಕುಮಾರನ ನಡಿಗೆಯೇ ಬದಲಾಗಿತ್ತು. ಐವತ್ತೇಳರ ಮನುಷ್ಯ. ಮೂವತ್ತು ವರ್ಷ ಹುನಗುಂದ ತಾಲೂಕಿನ ಹಳ್ಳಿಹಳ್ಳಿ ತಿರುಗಿ ಕೈಪಂಪು ರಿಪೇರಿ ಮಾಡಿದವನು. ಜನರ ಬಾಯಲ್ಲಿ ಅವನು 'ಬೋರಿನ ಪ್ರೇಮಣ್ಣ'. ಈಗ ಅದೇ ಜನ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ನಿಲ್ಲಿಸಿ, "ಏನ್ರಿ, ಆಫ್ರಿಕಾಕ್ಕ ಹೋಗಿದ್ರಂತ? ಇಮಾನದಾಗ ಹೆಂಗನಸ್ತು?" ಎಂದು ಕೇಳುತ್ತಿದ್ದರು. ಅವನು ನಾಚಿಕೊಂಡೇ ಮೊಬೈಲು ತೆಗೆದು ಫೋಟೊ ತೋರಿಸುತ್ತಿದ್ದ.

ಅವನ ಮುತ್ತಜ್ಜ ಗುಳೇದಗುಡ್ಡದಲ್ಲಿ ಮಗ್ಗದ ಕುಣಿಯಲ್ಲಿ ಕೂತು ಖಣ ನೇಯುತ್ತಿದ್ದವನು. ಮಿಶನ್ನಿನವರ ಕಾಲದಲ್ಲಿ ಆ ಮನೆ ಕ್ರಿಸ್ತನ ಸಭೆಗೆ ಸೇರಿತು. ಮಗ್ಗ ಅಜ್ಜನ ಕಾಲಕ್ಕೇ ನಿಂತಿತು, ನಂಬಿಕೆ ಉಳಿಯಿತು. ಪ್ರೇಮಕುಮಾರ ಮಾತಿನವನಲ್ಲ. ಬಾಗಲಕೋಟೆಯ ಚರ್ಚಿಗೆ, ಅವರ ಮಾತಿನಲ್ಲಿ ದೇವಾಲಯಕ್ಕೆ, ಆರಾಧನೆಗೆ ಹೋದರೆ ಕೊನೆಯ ಬೆಂಚು. ಎಲ್ಲರೂ ಎದ್ದು ದೇವರು ತಮಗೆ ಮಾಡಿದ ಉಪಕಾರದ ಸಾಕ್ಷಿ ಹೇಳುವಾಗ ಇವನು ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಗ್ರೀಸು ಉಗುರಿನ ಸಂದಿಯಲ್ಲಿ ಕೂತುಬಿಟ್ಟಿತ್ತು, ಭಾನುವಾರಕ್ಕೂ ಹೋಗುತ್ತಿರಲಿಲ್ಲ. ದೇವರಿಗೆ ಕೊಡಲು ತನ್ನ ಹತ್ತಿರ ಏನಿದೆ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಆ ಪ್ರಶ್ನೆಗೆ ಉತ್ತರ ಬಂದದ್ದು ಸಭೆಯ ಪಾಸ್ಟರ್ ಧರ್ಮರಾಜರಿಂದ. ಅವರಿಗೆ ಯುಗಾಂಡಾದ ಪೂರ್ವ ಗಡಿಯ ಒಂದು ಸಣ್ಣ ಸಭೆಯ ಪರಿಚಯವಿತ್ತು. ಆ ಸೀಮೆಯಲ್ಲಿ ಕೈಪಂಪುಗಳು ಕೆಟ್ಟು ನಿಂತಿವೆ, ರಿಪೇರಿಗೆ ಒಬ್ಬ ಮೆಕ್ಯಾನಿಕ್ಕೂ ಸಿಗುವುದಿಲ್ಲ ಎಂದು ಅಲ್ಲಿಂದ ಪತ್ರ ಬಂತು. ಜೊತೆಗೊಂದು ಫೋಟೊ. ಪಾಸ್ಟರ್ ಅದನ್ನು ತೋರಿಸಿದಾಗ ಪ್ರೇಮಕುಮಾರ ನಕ್ಕುಬಿಟ್ಟ.

"ಇದು ನಮ್ಮ ಇಂಡಿಯಾ ಮಾರ್ಕ್-ಟೂ ಪಂಪ ಐತಲ್ರಿ! ಇದನ್ನ ನಾ ಕಣ್ಣ ಮುಚ್ಚಿ ಬಿಚ್ಚತೇನಿ."

"ಹಂಗಾದ್ರ ನೀವ ಬರ್ಬೇಕು," ಎಂದರು ಪಾಸ್ಟರ್. "ನಾವು ವಾಕ್ಯ ಹೇಳತೇವಿ, ನೀವು ನೀರು ಕೊಡ್ರಿ."

ಹೀಗೆ ಐದು ಜನರ ತಂಡದಲ್ಲಿ ಅವನೂ ಒಬ್ಬನಾದ. ಪಾಸ್‌ಪೋರ್ಟು ಮಾಡಿಸಿದ. ಹೆಂಡತಿ ಗೀತಾಂಜಲಿ ಚೀಲಕ್ಕೆ ಶೇಂಗಾ ಚಟ್ನಿ, ಕಟಕ ರೊಟ್ಟಿ ತುಂಬಿದಳು. ಅವನು ತನ್ನ ನಟ್ಟು ಬಿಚ್ಚುವ ಪಾನಾಗಳು, ಚರ್ಮದ ವಾಶರುಗಳು, ನಟ್ಟು-ಬೋಲ್ಟು ತುಂಬಿದ. ಹದಿನೆಂಟು ದಿನದಲ್ಲಿ ಒಂಬತ್ತು ಪಂಪು ರಿಪೇರಿಯಾದವು. ನೀರು ಬಂದಾಗಲೆಲ್ಲ ಹೆಂಗಸರು ನಾಲಿಗೆ ಹೊರಳಿಸಿ ಕೂಗು ಹಾಕುತ್ತಿದ್ದರು, ಪಾಸ್ಟರ್ ಪ್ರಾರ್ಥನೆ ಮಾಡುತ್ತಿದ್ದರು. ಬದುಕಿನಲ್ಲಿ ಮೊದಲ ಸಲ ತನ್ನ ಕೈಗೆ ಅರ್ಥ ಬಂತು ಎಂದು ಅವನಿಗೆ ಅನ್ನಿಸಿತ್ತು.

ಆ ಸಂತೋಷ ಮುರಿದದ್ದು ಹಣಮೇಶನ ಮುಂದೆ.

ಹಣಮೇಶ ಅವನ ಹಳೆಯ ಜೋಡಿ. ಇಬ್ಬರೂ ಒಂದೇ ಗಾಡಿಯಲ್ಲಿ ಇಪ್ಪತ್ತೆರಡು ವರ್ಷ ತಾಲೂಕು ಸುತ್ತಿದವರು. ಹಣಮೇಶ ಈಗ ನಿವೃತ್ತನಾಗಿ ಬೆಳಗಿನ ಹೊತ್ತು ಚಹಾದಂಗಡಿಯ ಬೆಂಚು ಕಾಯುತ್ತಾನೆ. ಕನ್ನಡಕ ಏರಿಸಿಕೊಂಡು ಗೆಳೆಯನ ಫೋಟೊಗಳನ್ನು ಒಂದೊಂದೇ ಸರಿಸಿದ. ಪಂಪಿನ ತಲೆ, ಚೈನು, ಕಟ್ಟೆ, ಎಲ್ಲಕ್ಕೂ "ಹ್ಞಾಂ, ನಮ್ದ, ನಮ್ದ" ಎನ್ನುತ್ತ ಹೋದ. ಕೊನೆಯ ಪಂಪಿನ ಫೋಟೊದಲ್ಲಿ ಏಳೆಂಟು ಮಕ್ಕಳು ಸೊಂಟಕ್ಕೆ ಕೊಡ ಇಟ್ಟುಕೊಂಡು ನಗುತ್ತಿದ್ದವು. ಹಣಮೇಶ ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದ.

"ಲೇ ಪ್ರೇಮ್ಯಾ, ಈ ಬೋರಿನ ನೀರು ಟೆಸ್ಟ್ ಮಾಡಿಸಿದ್ರೇನು?"

"ಯಾಕಲೇ?"

"ಹಲ್ಲ ನೋಡು."

ಪ್ರೇಮಕುಮಾರ ನೋಡಿದ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು, ಚಹಾದ ಕಲೆಯಂತೆ. ಇಬ್ಬರು ದೊಡ್ಡ ಹುಡುಗಿಯರ ಮುಂಬಲ್ಲು ಪುಡಿಪುಡಿಯಾಗಿ ಉದುರಿದ್ದವು. ಹುನಗುಂದದ ಕಡೆ ಇಂಥ ಹಲ್ಲನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ನೀರಲ್ಲಿ ಫ್ಲೋರೈಡ್ ಇದ್ದ ಊರಿನ ಹಲ್ಲು ಅದು. ಅದೇ ನೀರನ್ನು ಹತ್ತಿಪ್ಪತ್ತು ವರ್ಷ ಕುಡಿದರೆ ಎಲುಬಿಗೆ ಇಳಿಯುತ್ತದೆ, ಮೊಣಕಾಲು ಬಾಗುತ್ತದೆ, ಬೆನ್ನು ಕಟ್ಟಿಗೆಯಾಗುತ್ತದೆ. ಕುದಿಸಿದರೂ ಹೋಗುವುದಿಲ್ಲ. ಇದನ್ನೆಲ್ಲ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ಆ ಮಕ್ಕಳು ನಕ್ಕಾಗ ಅವನಿಗೆ ಅನ್ನಿಸಿದ್ದು ಒಂದೇ: ಇವು ನಮ್ಮೂರ ಮಕ್ಕಳ ಹಾಗೇ ಇವೆಯಲ್ಲ ಎಂದು. ಅಷ್ಟು ದೂರ ಬಂದರೂ ಪರವೂರು ಅನ್ನಿಸಲಿಲ್ಲವಲ್ಲ ಎಂದು ಹಿಗ್ಗಿದ್ದ.

ಹಣಮೇಶ ಮೊಬೈಲು ಮರಳಿ ಕೊಟ್ಟ. "ಏನ್ ಕೆಟ್ಟಿತ್ತು ಆ ಬೋರಿಗೆ?"

ಪ್ರೇಮಕುಮಾರ ಮೊಬೈಲನ್ನು ಕಿಸೆಗೆ ಹಾಕಿಕೊಂಡ. "ಏನೂ ಕೆಟ್ಟಿರಲಿಲ್ಲ," ಎಂದ. "ಹಿಡಿಕಿ ಬಿಚ್ಚಿಟ್ಟಿದ್ರು."

ಹಿಡಿಕೆ ಬಿಚ್ಚಿಟ್ಟರೆ ಏನರ್ಥ ಎಂಬುದು ಆ ಬೆಂಚಿನ ಮೇಲಿನ ಇಬ್ಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಇಪ್ಪತ್ತು ವರ್ಷದ ಹಿಂದೆ ತಾಲೂಕಿನ ಬೋರುಗಳ ನೀರು ಪರೀಕ್ಷೆಯಾದಾಗ, ಕುಡಿಯಬಾರದು ಎಂದು ವರದಿ ಬಂದ ಪಂಪುಗಳಿಗೆ ಕೆಂಪು ಬಣ್ಣ ಬಳಿದವರು ಇವರೇ. ಬಣ್ಣಕ್ಕೆ ಜನ ಕೇಳದಿದ್ದಾಗ ಹಿಡಿಕೆ ಬಿಚ್ಚಿ ಗಾಡಿಗೆ ಹಾಕಿಕೊಂಡು ಬಂದವರೂ ಇವರೇ. ಒಂದು ಹಳ್ಳಿಯಲ್ಲಿ ಇಂದ್ರವ್ವ ಎಂಬ ಹೆಂಗಸು ಗಾಡಿಗೆ ಅಡ್ಡ ನಿಂತು ಬೈದಿದ್ದಳು: "ಹಿಡಿಕಿ ಒಯ್ದರ ನಾವೇನ್ ಕುಡೀಬೇಕೋ? ನಿಮ್ಮ ಕಣ್ಣೀರ ಕುಡೀಬೇಕೇನು?" ಅವತ್ತು ಪ್ರೇಮಕುಮಾರ ಬೈಗುಳ ತಿಂದೂ ಹಿಡಿಕೆ ಒಯ್ದಿದ್ದ. ತಾನು ಮಾಡುವುದು ಸರಿ ಎಂಬ ಧೈರ್ಯವಿತ್ತು.

ಅಂಥವನು ಏಳು ಸಮುದ್ರ ದಾಟಿ ಹೋಗಿ, ಯಾರೋ ಬುದ್ಧಿವಂತರು ಬಿಚ್ಚಿಟ್ಟ ಹಿಡಿಕೆಯನ್ನು ತಿರುಗಿ ಹಾಕಿ ಬಂದಿದ್ದ.

ಮನೆಗೆ ಹೋದರೆ ಅನ್ನ ಸೇರಲಿಲ್ಲ. ಒಂಬತ್ತನೇ ಪಂಪಿನ ದಿನದ್ದೆಲ್ಲ ಒಂದೊಂದಾಗಿ ಎದ್ದು ಬರತೊಡಗಿತು. ಅದು ಕೊನೆಯ ದಿನ. ಮಧ್ಯಾಹ್ನವೇ ಊರು ಬಿಡಬೇಕು ಎಂದು ಎಲ್ಲರಿಗೂ ಅವಸರ. ಪಂಪಿನ ತಲೆ ತೆರೆದಾಗ ಬೇರಿಂಗು ಹೊಸದರಂತೆ ಹೊಳೆಯುತ್ತಿತ್ತು. ಹಿಡಿಕೆ ಅಲ್ಲೇ ಒಂದು ಗುಡಿಸಲಿನ ಹೊರಗೆ ಗೋಡೆಗೆ ಆನಿಸಿತ್ತು. ನಟ್ಟು-ಬೋಲ್ಟು ಮಾತ್ರ ಇರಲಿಲ್ಲ. ಇದನ್ನು ಯಾರೋ ಪಾನಾ ಹಾಕಿ ನೀಟಾಗಿ ಬಿಚ್ಚಿದ್ದಾರೆ ಎಂದು ಒಂದು ಕ್ಷಣ ಅನ್ನಿಸಿತ್ತು. ಆದರೆ ಅವನ ಚೀಲದಲ್ಲಿ ನಟ್ಟು ಇದ್ದವು.

ಆಗ ಆ ಗುಡಿಸಲಿನಿಂದ ಒಬ್ಬ ಮುದುಕಿ ಬಂದಿದ್ದಳು. ಕೋಲೂರಿಕೊಂಡು, ಎರಡೂ ಮೊಣಕಾಲು ಹೊರಕ್ಕೆ ಬಾಗಿ, ತೊಟ್ಟಿಲು ತೂಗಿದಂತೆ ತೂಗಾಡುತ್ತ. ಬಂದವಳೇ ಪಾನಾ ಹಿಡಿದ ಅವನ ಕೈ ಹಿಡಿದುಕೊಂಡಳು. ತಲೆ ಅಲ್ಲಾಡಿಸಿದಳು. ಏನೇನೋ ಹೇಳಿ, ತನ್ನ ಮೊಣಕಾಲು ತೋರಿಸಿದಳು, ಪಂಪು ತೋರಿಸಿದಳು, ಮತ್ತೆ ಮೊಣಕಾಲು ತೋರಿಸಿದಳು. ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಅಲ್ಲಿಯ ಪಾಸ್ಟರ್ ದೂರದಲ್ಲಿ ಜನ ಸೇರಿಸುತ್ತಿದ್ದರು. ಪ್ರೇಮಕುಮಾರ ಧರ್ಮರಾಜರನ್ನು ಕೂಗಿದ. "ಪಾಸ್ಟರ್, ಈ ತಾಯಿಗಿ ಮೊಳಕಾಲ ಬ್ಯಾನಿ ಐತಿ. ಪ್ರಾರ್ಥನಿ ಮಾಡಂತಾರ ನೋಡ್ರಿ."

ಅವರು ಐದೂ ಜನ ಅವಳ ಸುತ್ತ ನಿಂತು ಮೊಣಕಾಲಿಗಾಗಿ ಪ್ರಾರ್ಥಿಸಿದ್ದರು. ಮುದುಕಿ ಒಬ್ಬೊಬ್ಬರ ಮುಖ ನೋಡಿ, ಆಮೇಲೆ ನೆಲ ನೋಡಿ, ಪ್ರಾರ್ಥನೆ ಮುಗಿಯುವ ತನಕ ಮರ್ಯಾದೆಗೆ ನಿಂತು, ಒಳಗೆ ಹೋಗಿದ್ದಳು. ನೀರು ಬಂದಾಗ ಊರೆಲ್ಲ ಕೊಡ ತಂದಿತು. ಅವಳು ತರಲಿಲ್ಲ.

ಇದನ್ನೆಲ್ಲ ಗೀತಾಂಜಲಿಗೆ ಹೇಳಿದ. "ನೀವು ಬೇಕಂತ ಮಾಡೀರೇನು?" ಎಂದಳು ಅವಳು.

"ಬೇಕಂತ ಮಾಡಿಲ್ಲ. ಆದರ ಕೇಳಬೇಕಿತ್ತಲ್ಲ? ನಾ ಒಬ್ಬಾಂವ ಕೇಳಬೇಕಿತ್ತು. ಉಳಿದವರಿಗೆ ಗೊತ್ತಿರಲಿಲ್ಲ, ನನಗ ಗೊತ್ತಿತ್ತು."

ಮರುದಿನವೇ ಬಸ್ಸು ಹತ್ತಿ ಬಾಗಲಕೋಟೆಗೆ ಹೋದ. ಧರ್ಮರಾಜರ ಮನೆ ವಿದ್ಯಾಗಿರಿಯಲ್ಲಿತ್ತು. ಅವರು ಮುಂದಿನ ಭಾನುವಾರದ ಆರಾಧನೆಗೆ ಪ್ರವಾಸದ ಫೋಟೊಗಳನ್ನು ಆರಿಸುತ್ತ ಕೂತಿದ್ದರು. ಪ್ರೇಮಕುಮಾರ ಹೇಳಿದ್ದನ್ನು ಕೇಳುತ್ತ ಕೇಳುತ್ತ ಅವರ ಮುಖ ಬಿಳಚಿತು. ಕೆಟ್ಟ ಮನುಷ್ಯರಲ್ಲ ಅವರು. ಅಲ್ಲಿಯ ಪಾಸ್ಟರಿಗೆ ಆಗಲೇ ಇ-ಮೇಲಿನಲ್ಲಿ ಪತ್ರ ಬರೆದರು. ಆದರೆ ಬರೆದು ಮುಗಿಸಿದ ಮೇಲೆ ಹೇಳಿದರು: "ಉತ್ತರ ಬರೂತನಕ ಇದು ನಮ್ಮಿಬ್ಬರಾಗ ಇರ್ಲಿ, ಪ್ರೇಮಕುಮಾರ್. ಖಾತ್ರಿ ಇಲ್ಲದ್ದು ಹೇಳಿ ಸಭಾದವರ ಉತ್ಸಾಹ ಕೆಡಿಸೂದು ಬ್ಯಾಡ. ಐತವಾರ ನೀವು ಸಾಕ್ಷಿ ಹೇಳಬೇಕಂತ ಎಲ್ಲಾರೂ ಕಾಯಾಕತ್ತಾರ."

ಉತ್ತರ ಶುಕ್ರವಾರ ಬಂತು. ಧರ್ಮರಾಜರು ಕಳಿಸಿದ ಇಂಗ್ಲಿಷ್ ಪತ್ರವನ್ನು ಪ್ರೇಮಕುಮಾರನ ಮಗಳು ಪ್ರೀತಿ ಓದಿ ಕನ್ನಡದಲ್ಲಿ ಹೇಳಿದಳು. ಹೌದು, ನಾಲ್ಕು ವರ್ಷದ ಹಿಂದೆ ಯಾರೋ ಬಂದು ನೀರು ಪರೀಕ್ಷಿಸಿ, ಇದನ್ನು ಕುಡಿಯಬೇಡಿ ಎಂದು ಹೋಗಿದ್ದರಂತೆ. ಆಗ ಹಿಡಿಕೆ ಬಿಚ್ಚಿದವಳು ಆ ಮುದುಕಿಯೇ, ಹೆಸರು ಅಕೆಲ್ಲೊ. ಯಾರೂ ಗುಟ್ಟಾಗಿ ಹಿಡಿಕೆ ತಿರುಗಿ ಹಾಕದಿರಲಿ ಎಂದು ನಟ್ಟು-ಬೋಲ್ಟನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಕಾದವಳು. ಪತ್ರ ಬರೆದ ಪಾಸ್ಟರ್ ಆ ಸಭೆಗೆ ಬಂದು ಎರಡೇ ವರ್ಷವಾಗಿತ್ತು, ಅವರಿಗೆ ಇದು ಗೊತ್ತಿರಲಿಲ್ಲ. ಪತ್ರದ ಕೊನೆಯ ಭಾಗ ಓದುವಾಗ ಪ್ರೀತಿ ಎರಡು ಸಲ ತಡವರಿಸಿದಳು.

"ಪಪ್ಪಾ, ಹಿಡಿಕಿ ತಗಿ ಅಂದ್ರ ಜನ ಒಪ್ಪವಲ್ರಂತ. ಆ ಬೋರು ಬಿಟ್ಟರ ಅವರಿಗಿರೂದು ಒಂದು ಜವುಳು ಹೊಂಡ, ಎರಡು ತಾಸಿನ ಹಾದಿ. ಹೋದ ವರ್ಷ ಆ ನೀರು ಕುಡಿದು ವಾಂತಿ-ಭೇದಿ ಆಗಿ ಎಂಟು ಮಂದಿ ತೀರಿಕೊಂಡಾರ. ಅದರಾಗ ಆರು ಕೂಸು. 'ಯಾವ ನೀರು ಕುಡೀರಿ ಅಂತ ನಾ ಇವರಿಗೆ ಹೇಳ್ಲಿ, ನೀವ ಹೇಳ್ರಿ' ಅಂತ ಬರದಾರ."

ಪ್ರೇಮಕುಮಾರನಿಗೆ ಇಂದ್ರವ್ವ ನೆನಪಾದಳು. ಅವಳ ಮಾತಿಗೆ ಉತ್ತರ ಹುಡುಕುವುದು ಸಾಹೇಬರ ಕೆಲಸ ಎಂದು ಅವತ್ತು ಅವನು ಗಾಡಿ ಹತ್ತಿದ್ದ. ಮುಂದೆ ಇಲ್ಲಿಗೆ ಹೊಳೆಯ ನೀರು ಪೈಪಿನಲ್ಲಿ ಬಂತು. ಅಲ್ಲಿಗೆ ಯಾರು ತರುತ್ತಾರೆ?

ಭಾನುವಾರ ದೇವಾಲಯ ತುಂಬಿತ್ತು. ಗೋಡೆಯ ಮೇಲೆ ಫೋಟೊಗಳು ಬಿದ್ದವು. ಮಕ್ಕಳು ನಗುವ ಫೋಟೊ ಬಂದಾಗ ಜನ ಚಪ್ಪಾಳೆ ತಟ್ಟಿದರು. ಪ್ರೇಮಕುಮಾರ ಮುಂದೆ ಹೋಗಿ ಮೈಕಿನ ಹತ್ತಿರ ನಿಂತ. ಹಿಂದಿನ ರಾತ್ರಿ ಕಾಗದದಲ್ಲಿ ಬರೆದುಕೊಂಡಿದ್ದ, ಅದನ್ನು ತೆಗೆಯಲಿಲ್ಲ.

"ಎಂಟು ಬೋರು ಸರಿ ಮಾಡೇವಿ," ಎಂದ. "ಈ ಒಂಬತ್ತನೇದು ಸರಿ ಮಾಡಿಲ್ಲ. ಇದನ್ನ ನಾ ಕೆಡಿಸಿ ಬಂದೇನಿ."

ಆಮೇಲೆ ಹಲ್ಲಿನ ಮಾತು, ಹಿಡಿಕೆಯ ಮಾತು, ಮುದುಕಿಯ ಮೊಣಕಾಲಿನ ಮಾತು ಎಲ್ಲ ಹೇಳಿದ. ಕೊನೆಗೆ ಪ್ರಾರ್ಥನೆಯ ವಿಷಯಕ್ಕೆ ಬಂದ. "ಆಕಿ ನಮಗ ಏನೋ ಹೇಳಾಕ ಬಂದಿದ್ಲು. ನಾವು ಕಣ್ಣು ಮುಚ್ಚಿ ದೇವರ ಕೂಡ ಮಾತಾಡಿದ್ವಿ. ಆಕಿ ಕೂಡ ಮಾತಾಡಲಿಲ್ಲ." ಅಷ್ಟು ಹೇಳಿ ಕೊನೆಯ ಬೆಂಚಿಗೆ ನಡೆದ.

ಸ್ವಲ್ಪ ಹೊತ್ತಿಗೆ ಧರ್ಮರಾಜರು ಒಂದು ಕೀರ್ತನೆಯ ನಂಬರು ಹೇಳಿದರು, ಹಾಡು ಶುರುವಾಯಿತು. ಹೊರಗೆ ಬಂದಾಗ ಒಬ್ಬ ಹಿರಿಯರು ಹೆಗಲು ಮುಟ್ಟಿ, "ದೇವರು ಮನಸ್ಸು ನೋಡ್ತಾನಪಾ, ಚಿಂತಿ ಮಾಡಬ್ಯಾಡ," ಎಂದರು. ಇನ್ನೊಬ್ಬರು, ಇದನ್ನು ಎಲ್ಲರ ಮುಂದೆ ಹೇಳಬೇಕಾಗಿತ್ತೇ ಎಂದು ಗೀತಾಂಜಲಿಯನ್ನು ಕೇಳಿದರು. ದೇವರು ನೋಡಿದ ಮನಸ್ಸಿನಲ್ಲಿ ಅವಸರವೂ ಇತ್ತು, ಫೋಟೊದ ಆಸೆಯೂ ಇತ್ತು ಎಂಬುದು ಪ್ರೇಮಕುಮಾರನಿಗೆ ಗೊತ್ತಿತ್ತು. ಹಿರಿಯರಿಗೆ ಕೈ ಮುಗಿದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಆಮೇಲಿನ ತಿಂಗಳುಗಳಲ್ಲಿ ಅವನು ಮಾಡಲು ಸಾಧ್ಯವಿದ್ದದ್ದನ್ನು ಮಾಡಿದ. ಪ್ರೀತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪತ್ರ ಬರೆಸಿದ. ಬೋರಿನ ನೀರು ತೊಳೆಯುವ ಬಳಕೆಗೆ ಇರಲಿ. ಕುಡಿಯಲು ತಗಡಿನ ಮನೆಗಳ ಚಾವಣಿಯ ಅಂಚಿಗೆ ನೀರು ಹರಿಯುವ ಹರನಾಳಿಗೆ ಕಟ್ಟಿ ಮಳೆನೀರು ಹಿಡಿಯಿರಿ. ಸಣ್ಣ ಮಕ್ಕಳಿಗೆ ಮೊದಲು. ಕೈಯಿಂದ ಚಿತ್ರ ಬರೆದು ಅಳತೆ ಹಾಕಿ ಕಳಿಸಿದ. ಅಕೆಲ್ಲೊ ತಾಯಿಗೆ ಓದಿ ಹೇಳಿರಿ ಎಂದು ಬೇರೆಯೇ ಒಂದು ಪತ್ರ ಬರೆಸಿ ಕ್ಷಮೆ ಕೇಳಿದ. ಅದನ್ನು ಓದಿ ಹೇಳಿದೆವು ಎಂದು ಬರೆದರು. ಅವಳೇನೆಂದಳು ಎಂದು ಬರೆಯಲಿಲ್ಲ. ಮತ್ತೆ ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಸಭೆಯಲ್ಲಿ ಮುಂದಿನ ಪ್ರವಾಸದ ಮಾತು ಎದ್ದಾಗ ಅವನ ಹೆಸರನ್ನು ಯಾರೂ ತೆಗೆಯಲಿಲ್ಲ. ಧರ್ಮರಾಜರು ಮಾತ್ರ ಒಮ್ಮೆ ಫೋನು ಮಾಡಿ, ಈ ಸಲ ನೀರು ಪರೀಕ್ಷಿಸುವ ಸಾಮಾನು ಒಯ್ಯುತ್ತೇವೆ, ಯಾವುದು ತರಬೇಕು ಎಂದು ಕೇಳಿದರು. ಪ್ರೇಮಕುಮಾರ ಹೇಳಿಕೊಟ್ಟ.

ಡಿಸೆಂಬರಿನಲ್ಲಿ ಅಲ್ಲಿಂದ ಸುದ್ದಿ ಬಂತು. ಆರು ಮನೆಗಳಿಗೆ ಹರನಾಳಿಗೆ ಕಟ್ಟಿದ್ದಾರೆ, ಡ್ರಮ್ಮು ಇಟ್ಟಿದ್ದಾರೆ. ಊರಲ್ಲಿರುವುದು ನೂರಾ ನಲವತ್ತು ಮನೆ. ಉಳಿದವು ಹುಲ್ಲಿನ ಚಾವಣಿಯವು, ಅವಕ್ಕೆ ಹರನಾಳಿಗೆ ನಿಲ್ಲುವುದಿಲ್ಲ. ಅವರು ಬೋರಿನ ನೀರನ್ನೇ ಕುಡಿಯುತ್ತಿದ್ದಾರೆ. ಈ ವರ್ಷ ವಾಂತಿ-ಭೇದಿಗೆ ಯಾರೂ ಸತ್ತಿಲ್ಲ, ಅದಕ್ಕಾಗಿ ನಿಮ್ಮನ್ನು ದಿನಾ ನೆನೆಯುತ್ತೇವೆ ಎಂದು ಬರೆದಿದ್ದರು.

ಪ್ರೀತಿ ಓದಿ ಮುಗಿಸಿ ಅಪ್ಪನ ಮುಖ ನೋಡಿದಳು. ಗೀತಾಂಜಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಯಾರೂ ಸತ್ತಿಲ್ಲಂತಲ್ರಿ," ಎಂದಳು ಮೆಲ್ಲಗೆ. "ಅಷ್ಟರೆ ಆತಲ್ಲ."

"ಈ ವರ್ಷ ಸತ್ತಿಲ್ಲ," ಎಂದ ಪ್ರೇಮಕುಮಾರ. ಹಾಗೆ ಅಂದದ್ದಕ್ಕೆ ತನಗೇ ಕೆಡುಕೆನಿಸಿ, ಎದ್ದು ಹಿತ್ತಲಿಗೆ ಹೋಗಿ ಕೈತೊಳೆದು ಬಂದ. ಊಟಕ್ಕೆ ಕೂತ. ತಾಟಿನ ಮುಂದೆ ಎಂದಿನಂತೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಲು ಹೋದ, ಮಾತು ಹೊರಡಲಿಲ್ಲ. ಹೆಂಡತಿ ಅವನ ಬದಲು ಎರಡು ಮಾತು ಹೇಳಿ 'ಆಮೆನ್' ಅಂದಳು.