ಮಂಡ್ಯದಲ್ಲಿ ಓಡಿದ್ದು, ಹಲಗೂರಲ್ಲಿ ನಿಂತದ್ದು

ಹಲಗೂರಿನ ಟೈಲರ್ ಜಯಕ್ಕನ ಕಸೂತಿ ಮಿಷನ್ನಿಗೆ ಡಿಸೈನ್ ಬಿಡಿಸುವ ಸಾಫ್ಟ್‌ವೇರನ್ನು ನಾನೇ ಮಾಡಿದ್ದೆ. ಅವರ ಕಂಪ್ಯೂಟರಿಗೆ ಹಾಕಿದರೆ, ಅದು ಓಡಲು ಬೇಕಾದ ಯಾವುದೋ ಲೈಬ್ರರಿ ಫೈಲು ಇಲ್ಲವೆಂದು ತೆರೆಯಲೇ ಇಲ್ಲ. ಆ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲಿಂದಲೂ ಇತ್ತು. ಜೊತೆಗೆ ಕೊಡಬೇಕೆಂದು ನನಗೆ ಹೊಳೆದಿರಲಿಲ್ಲ.

"ನಾಳೆ ಮದ್ವೆ. ಎಣ್ಣಿನ ರವಿಕೆ ಇನ್ನೂ ಬೋಳಾಗೇ ಅದೆ," ಎಂದರು ಜಯಕ್ಕ.

"ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಓಡುತ್ತೆ ಅಕ್ಕಾ."

"ಅಂಗಾರೆ ಅದ್ನೇ ಬುಟ್ಟೋಗು ಕಣಪ್ಪ."

ಬಿಟ್ಟೇ ಬಂದೆ. ಮಂಡ್ಯದ ಆಫೀಸಿನಲ್ಲಿ ಕೂತು, ಬೇಕಾದ ಫೈಲುಗಳನ್ನೆಲ್ಲ ಒಂದೇ ಕಟ್ಟಾಗಿ ಸೇರಿಸಿ, ಮೂರನೇ ದಿನ ಹೋಗಿ ಅವರ ಕಂಪ್ಯೂಟರಿಗೆ ಹಾಕಿದೆ. ಸಲೀಸಾಗಿ ತೆರೆಯಿತು. ರವಿಕೆಯನ್ನೂ ಎಲ್ಲರೂ ಹೊಗಳಿದ್ದರಂತೆ.

ಲ್ಯಾಪ್‌ಟಾಪ್ ವಾಪಸು ಕೊಡುತ್ತಾ ಜಯಕ್ಕ, "ನಿನ್ ಸಾಫ್ಟ್‌ವೇರು ಗಟ್ಟಿ ಕಣಪ್ಪ, ಕರೆಂಟು ಓದ್ರೂ ನಿಲ್ಲಾಕಿಲ್ಲ," ಎಂದರು.

ಅದು ಲ್ಯಾಪ್‌ಟಾಪಿನ ಬ್ಯಾಟರಿಯ ಗುಣ. "ಹೌದಕ್ಕಾ," ಎಂದು ಅದನ್ನು ಚೀಲಕ್ಕೆ ಹಾಕಿಕೊಂಡೆ.