ಮಗಳ ಫ್ರಾಕು ನಾನೇ ಹೊಲಿದದ್ದು

ಊಟಿಗೆ ಒಂದು ನಿಲ್ದಾಣ ಮೊದಲು, ಲವ್‌ಡೇಲ್‌ನಲ್ಲಿ ರೈಲು ಹತ್ತಿದ ಜರಿಸೀರೆಯ ಹೆಂಗಸೊಬ್ಬರು ನನ್ನ ಪಕ್ಕದಲ್ಲಿದ್ದ ಆರು ವರ್ಷದ ಮಗಳ ಫ್ರಾಕಿನ ಅಂಚನ್ನು ಎಲ್ಲರೆದುರು ಎತ್ತಿ ನೋಡಿದರು.

“ಯಾವ ದೊರೆಸಾನಿ ಮನೇದಮ್ಮಾ ಇದು? ಕೇಳಿ ತಂದಿದ್ದೋ, ಎತ್ಕೊಂಡು ಬಂದಿದ್ದೋ?”

ನನಗೆ ಮೈಯೆಲ್ಲ ಉರಿಯಿತು. ಹೊಲಿಗೆಯೆಂದರೆ ನನಗೆ ಪ್ರಾಣ. ನಮ್ಮಿಬ್ಬರ ಬಟ್ಟೆಯನ್ನೂ ಮನೆಯಲ್ಲಿ ನಾನೇ ಹೊಲಿಯುತ್ತೇನೆ.

“ನಾನೇ ಕತ್ತರಿಸಿ ಹೊಲಿದದ್ದು. ಒಳಗಿನ ಪಟ್ಟಿ ನೋಡಿ, ನನ್ನ ಈ ರವಿಕೆ ಬಟ್ಟೇನೇ!” ಎಂದು ಮಡಿಕೆ ಬಿಡಿಸಿ ತೋರಿಸಿದೆ.

ಆಕೆ ಎರಡನ್ನೂ ಹೋಲಿಸಿ ನೋಡಿ ನಕ್ಕರು. “ಹಾಗಾದ್ರೆ ನನ್ನ ಮಗಳಿಗೂ ಒಂದು ಹೊಲಿದುಕೊಡು” ಎಂದರು. ತಪ್ಪಾಯಿತೆಂಬ ಮಾತೇ ಇಲ್ಲ! “ಆಗೋದಿಲ್ಲ” ಎಂದು ಮುಖ ತಿರುಗಿಸಿದೆ.

ಊಟಿ ತಲುಪುವಷ್ಟರಲ್ಲಿ ಮಗಳು ಫ್ರಾಕನ್ನು ಶಾಲಿನಿಂದ ಮುಚ್ಚಿಕೊಂಡಿದ್ದಳು. ಇವತ್ತಿಗೂ ಅದನ್ನು ತೊಡಲು ಒಲ್ಲೆ ಎನ್ನುತ್ತಾಳೆ. ನನ್ನ ಸಿಟ್ಟು ಇಳಿಯದಿರುವುದು ಅದಕ್ಕೇ.