ಹೊಲ ಹೇಳುವ ಮಣೆ

ನಮ್ಮ ಮನೆಗೆ ಊರಲ್ಲಿ ‘ಹೊಲ ಹೇಳೋ ಮನಿ’ ಅನ್ನುತ್ತಾರೆ. ಮುರಗೋಡದಿಂದ ಬೈಲಹೊಂಗಲಕ್ಕೆ ಹೋಗುವ ದಾರಿಯಲ್ಲಿ, ಡ್ರೈವರನ ಮನಸ್ಸು ಒಳ್ಳೆಯದಿದ್ದರೆ ಮಾತ್ರ ಬಸ್ಸು ನಿಲ್ಲುವಂಥ ಊರು ನಮ್ಮದು. ಸಂಬಂಧ ಕೂಡಿಬಂದಾಗ ಈ ಹೆಸರು ಕೇಳಿ, ಇವರಿಗೆ ಬೇಕಾದಷ್ಟು ಹೊಲವಿರಬೇಕು ಎಂದು ನನ್ನ ತವರಿನವರು ಹಿಗ್ಗಿದ್ದರು. ಇದ್ದದ್ದು ಒಂದು ತುಂಡು ಎರೆ ಭೂಮಿ. ಉಳಿದದ್ದೆಲ್ಲ ನನ್ನ ಮಾವನ ಬಾಯಲ್ಲಿತ್ತು.

ಸಂಗತಿ ಹೀಗೆ. ಕಿತ್ತೂರಿನ ಕೋಟೆ ಬಿದ್ದು ಈ ಸೀಮೆ ಕಂಪನಿಯವರ ಕೈಗೆ ಹೋಯಿತು. ಆಮೇಲೆ ಅವರ ಜನ ಸರಪಳಿ ಹಿಡಿದು ಬಂದು ಹೊಲಗಳನ್ನು ಅಳೆದರು, ಒಂದೊಂದಕ್ಕೆ ಒಂದೊಂದು ನಂಬರು ಕೊಟ್ಟರು. ಅದಕ್ಕೂ ಮೊದಲು ಪ್ರತಿ ಹೊಲಕ್ಕೂ ಒಂದು ಹೆಸರಿತ್ತು. ಯಾರು ಅಲ್ಲಿ ಮೊದಲು ಬಿತ್ತಿದರು, ಯಾರನ್ನು ಎಬ್ಬಿಸಿ ಓಡಿಸಿದರು, ಓಡಿಬಂದವರಿಗೆ ಯಾರು ನೀರು ಕೊಟ್ಟರು ಎಂಬ ಕಥೆ ಆ ಹೆಸರಿನ ಹಿಂದಿತ್ತು. ಹೊಲಗಳ ಹಳೆಯ ಕಾಗದಪತ್ರಗಳು ಗಾಡಿಗಟ್ಟಲೆ ಊರು ಬಿಟ್ಟು ಹೋದದ್ದನ್ನು ಕಂಡ ನಮ್ಮ ಮಠದ ಅಂದಿನ ಅಜ್ಜಾರು, ನಮ್ಮ ಕಡೆ ಸ್ವಾಮಿಗಳನ್ನು ಹಾಗೇ ಕರೆಯುವುದು, ಕೆಲವು ಮನೆತನದವರನ್ನು ಕರೆಸಿದರಂತೆ. ಇನ್ನು ಮುಂದೆ ಈ ಹೆಸರು, ಕಥೆಗಳನ್ನು ಕೈಗೆ ಸಿಗುವಂಥ ಯಾವುದರಲ್ಲೂ ಇಡಬೇಡಿ, ತಲೆಯಲ್ಲಿಡಿ ಎಂದರಂತೆ. ಅಂದಿನಿಂದ ಅಮಾವಾಸ್ಯೆಗೊಮ್ಮೆ ಮಠದ ಪಡಸಾಲೆಯಲ್ಲಿ ಮಣೆ ಹಾಕುತ್ತಾರೆ. ಮಣೆಯ ಮೇಲೆ ಕುಳಿತವರು ಸುತ್ತಲಿನ ಹೊಲಗಳ ಹೆಸರನ್ನೂ ಅವುಗಳ ಸಂಗತಿಯನ್ನೂ ಮೂಡಲಿನಿಂದ ಪಡುವಲಿಗೆ ಹೇಳುತ್ತಾ ಹೋಗಬೇಕು. ಮೊದಲು ಇದು ಹಲವು ಮನೆಗಳಲ್ಲಿ ಹಂಚಿಹೋಗಿತ್ತು. ಒಂದೊಂದೇ ಮನೆ ಜಾರಿಕೊಂಡು, ಕಡೆಗೆ ಎಲ್ಲವೂ ನಮ್ಮ ಮಾವನ ತಲೆಯ ಮೇಲೆ ಬಿತ್ತು.

ಮಣೆ ಹಿಡಿದವರು ಊರ ಸೀಮೆಯಾಚೆ ರಾತ್ರಿ ಕಳೆಯುವಂತಿಲ್ಲ. ಹೊರಗೆ ಸತ್ತರೆ ಹೊಲಗಳೂ ಹೊರಗೇ ಸಾಯುತ್ತವೆ ಎಂಬ ಅಂಜಿಕೆ. ಹೇಳುವವರು ನಡುವೆ ಮರೆತು ನಿಂತರೆ, ಮಠದಲ್ಲಿದ್ದವರು ಯಾರು ಆ ಹೆಸರನ್ನು ಎತ್ತಿಕೊಡುತ್ತಾರೋ, ಅಂದಿನಿಂದ ಮಣೆ ಅವರದು. ಯಾರೂ ಎತ್ತಿಕೊಡದಿದ್ದರೆ ಆ ಹೊಲ ಬಿದ್ದಂತೆ. ಮುಂದೆಂದೂ ಅದನ್ನು ಹೇಳುವುದಿಲ್ಲ. ಮನೆಗೆ ಹೋಗಿ ನೆನಪು ಮಾಡಿಕೊಂಡು ಬರುತ್ತೇನೆ ಎಂದರೆ ನಡೆಯುವುದಿಲ್ಲ, ಆಮೇಲೆ ನೆನಪಾದದ್ದರಲ್ಲಿ ಸುಳ್ಳು ಸೇರಿಕೊಳ್ಳುತ್ತದಂತೆ.

ನನ್ನ ಗಂಡ ಸಣ್ಣವರಿದ್ದಾಗ ಕಲಿಯಲು ಕುಳಿತು ಅರ್ಧಕ್ಕೇ ಎದ್ದು ಓಡಿದವರು. ಈಗ ಬೈಲಹೊಂಗಲದ ಪೇಟೆಗೆ ಟಂಟಂ ಓಡಿಸುತ್ತಾರೆ. ನನಗೆ ಯಾರೂ ಕಲಿಸಲಿಲ್ಲ. ಮಾವ ಬೆಳಗಿನ ಹೊತ್ತು ಎಮ್ಮೆಯ ಹತ್ತಿರ ಕುಳಿತು ಹೇಳಿಕೊಳ್ಳುತ್ತಿದ್ದರು, ನಾನು ಗೋಡೆಯ ಈಚೆ ರೊಟ್ಟಿ ಬಡಿಯುತ್ತಿದ್ದೆ. ವರ್ಷಗಟ್ಟಲೆ ಹಾಗೆ ಕೇಳಿದರೆ ಯಾರಿಗೆ ಬರುವುದಿಲ್ಲ? ಆ ಎಮ್ಮೆಗೂ ಅರ್ಧ ಸೀಮೆ ಬಾಯಿಪಾಠ ಆಗಿದ್ದೀತು. ಅದರ ಪುಣ್ಯ, ಮಾತು ಬರುತ್ತಿರಲಿಲ್ಲ.

ಲಗ್ನಕ್ಕೆ ಮೊದಲೇ ನಾನು ಡಿಗ್ರಿ ಮುಗಿಸಿದ್ದೆ. ಮಕ್ಕಳನ್ನು ಬೆಳೆಸುತ್ತಾ ಸರ್ಕಾರಿ ನೌಕರಿಗೆ ಪರೀಕ್ಷೆ ಬರೆಯುತ್ತಲೇ ಇದ್ದೆ. ವಯಸ್ಸು ಮೀರುವ ಹೊತ್ತಿಗೆ, ಇನ್ನು ಆಸೆ ಬಿಡಬೇಕು ಎನ್ನುವಾಗ, ರಾಮದುರ್ಗದ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಎಂದು ಆದೇಶ ಬಂತು. ಅಲ್ಲೇ ಇರಬೇಕು, ಅಲ್ಲೇ ಮಲಗಬೇಕು. ಸೋಮವಾರ ಹಾಜರಾಗಬೇಕು. ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ. ಸ್ವಂತ ಕೋಣೆ, ಸ್ವಂತ ಪಗಾರ, ಎಮ್ಮೆಯ ಸಗಣಿ ಇಲ್ಲದ ಬೆಳಗು. ಗಂಡನೂ ಒಪ್ಪಿದ್ದರು, ಮಾವನಂತೂ ನನಗಿಂತ ಹೆಚ್ಚು ಖುಷಿಯಲ್ಲಿದ್ದರು.

ಆದರೆ ಅಷ್ಟರಲ್ಲಿ ಮಾವನಿಗೆ ಮರೆವು ಹತ್ತಿತ್ತು. ಬೆಳಗ್ಗೆ ಹೇಳಿಕೊಳ್ಳುವಾಗ ಅಲ್ಲಲ್ಲಿ ಎಡವುತ್ತಿದ್ದರು. ನಾನು ಒಳಗಿನಿಂದ, ಇಂಥ ಹೊಲದಲ್ಲಿ ಕಬ್ಬು ಕಡಿದರಂತೆ ನೋಡಿರಿ ಎಂದು ಊರ ಸುದ್ದಿ ಹೇಳುವವಳಂತೆ ಆ ಹೆಸರು ಎಸೆಯುತ್ತಿದ್ದೆ. ಅವರು ಹಿಡಿದುಕೊಂಡು ಮುಂದೆ ಹೋಗುತ್ತಿದ್ದರು. ನನ್ನ ಆಟ ಅವರಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ಅಮಾವಾಸ್ಯೆಯ ಹಿಂದಿನ ದಿನ ನನ್ನನ್ನು ಕೊಟ್ಟಿಗೆಯ ಹತ್ತಿರ ಕರೆದರು.

“ನೀ ಇವತ್ತ ರಾಮದುರ್ಗಕ್ಕ ಹೋಗಿಬಿಡು ಯವ್ವಾ. ನಾಳೆ ಮಠಕ್ಕ ಬರಬ್ಯಾಡ. ನಾ ಎಲ್ಲೆರ ನಿಂತ್ರ ನಿನ್ನ ಬಾಯಿ ಸುಮ್ಮನ ಇರೂದಿಲ್ಲ.”

ಹೋಗಬಹುದಿತ್ತು. ರಾಮದುರ್ಗದಲ್ಲಿ ನನ್ನ ದೊಡ್ಡಮ್ಮನ ಮನೆಯೂ ಇತ್ತು. ನಾಳೆ ಮಠದಲ್ಲಿ ಅಜ್ಜಾರ ಕಾಲಿಗೆ ಬಿದ್ದೇ ಹೋಗುತ್ತೇನೆ ಎಂದು ನೆಪ ಹೇಳಿದೆ. ನಿಜ ಹೇಳಬೇಕೆಂದರೆ, ಅವರನ್ನು ಆ ಮಣೆಯ ಮೇಲೆ ಒಬ್ಬರನ್ನೇ ಬಿಟ್ಟು ಹೋಗಲು ನನಗೆ ಮನಸ್ಸು ಬರಲಿಲ್ಲ.

ಮರುದಿನ ಪಡಸಾಲೆಯಲ್ಲಿ ಹೆಚ್ಚು ಜನ ಇರಲಿಲ್ಲ. ಕೆಲವು ಹಿರಿಯರು, ಪ್ರಸಾದಕ್ಕೆ ಬಂದವರು. ಹೆಂಗಸರು ಎಂದಿನಂತೆ ಬಾಗಿಲ ಒಳಗೆ ಕುಳಿತಿದ್ದೆವು. ಮಾವ ಅರ್ಧಕ್ಕಿಂತ ಹೆಚ್ಚು ಸರಾಗವಾಗಿ ಹೇಳಿದರು. ನನಗೆ ಉಸಿರು ಬಂತು. ಆಮೇಲೆ ಹಳ್ಳದ ದಂಡೆಯ ಹೊಲಗಳಿಗೆ ಬಂದು ನಿಂತುಬಿಟ್ಟರು.

ಆ ಹೊಲದ ಹೆಸರು ಬಾಣಂತಿ ಪಟ್ಟಿ. ಕೋಟೆ ಬಿದ್ದಾಗ ಕಿತ್ತೂರಿನಿಂದ ಓಡಿಬಂದ ಒಬ್ಬ ತುಂಬಿದ ಬಸುರಿ ಜೋಳದ ಬೆಳೆಯೊಳಗೆ ಹೆತ್ತಳು. ಹೊಲದವನ ಹೆಂಡತಿ ಕೂಸನ್ನು ಎತ್ತಿಕೊಂಡಳು, ತಾಯಿ ಅಲ್ಲೇ ತೀರಿಹೋದಳು. ಅವಳ ಹೆಸರು ಯಾರಿಗೂ ಗೊತ್ತಿಲ್ಲ, ಕೂಸು ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಈಗ ಅಲ್ಲಿ ಕಬ್ಬು ನಿಂತಿದೆ, ಸರ್ಕಾರದ ಉತಾರದ ಕಾಗದದಲ್ಲಿ ಒಂದು ನಂಬರು ಇದೆ. ಆ ಹೆಂಗಸು ಈ ಭೂಮಿಯ ಮೇಲೆ ಇದ್ದಳು ಎನ್ನುವುದಕ್ಕೆ ಇದ್ದದ್ದು ಈ ಹೆಸರೊಂದೇ.

ಅಜ್ಜಾರು ಸುತ್ತಲೂ ನೋಡಿದರು. ಯಾರೂ ಹೆಸರು ಎತ್ತಿಕೊಡಲಿಲ್ಲ. ಮಾವ ತಲೆ ತಗ್ಗಿಸಿಕೊಂಡೇ ಇದ್ದರು. ಬಾಗಿಲ ಕಡೆ ನೋಡಲೇ ಇಲ್ಲ. ನೋಡಿದರೆ ನಾನು ಬಾಯಿ ಬಿಡುತ್ತೇನೆಂದು ಅವರಿಗೆ ಅಂಜಿಕೆ ಇತ್ತು. ಹೆಂಗಸರು ಯಾರೂ ಇದುವರೆಗೆ ಮಣೆಯ ಮೇಲೆ ಕುಳಿತಿರಲಿಲ್ಲ. ಆದರೆ ನಿಯಮದಲ್ಲಿ ಗಂಡಸು ಎಂದೇನೂ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿರು, ಸುಮ್ಮನಿರು ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಸತ್ತವಳಿಗೆ ನಾನೇನು ಸಾಲಗಾರಳೇ ಎಂದು ಸಿಟ್ಟೂ ಬಂತು. ಅಜ್ಜಾರು ಮುಂದಿನ ಹೊಲ ಹೇಳಿರಿ ಎನ್ನಲು ಕೈ ಎತ್ತಿದರು.

“ಬಾಣಂತಿ ಪಟ್ಟಿ,” ಎಂದೆ.

ಮಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಜ್ಜಾರು ನನ್ನನ್ನು ಪಡಸಾಲೆಗೆ ಕರೆದು, ಮೆಲ್ಲಗೆ, ಬರ್ರಿ ಯವ್ವಾ, ಕುಂದರ್ರಿ ಎಂದರು. ಕುಳಿತೆ. ಉಳಿದ ಹೊಲಗಳನ್ನೆಲ್ಲ ಹೇಳಿದೆ, ಒಂದೂ ತಪ್ಪಲಿಲ್ಲ. ಮನೆಗೆ ಬರುವಾಗ ಮಾವ ದಾರಿಯಲ್ಲಿ ನಿಂತು ಒಂದೇ ಮಾತು ಕೇಳಿದರು.

“ಒಂದ ಹೊಲ ಬಿದ್ದಿದ್ರ ಏನ್ ಆಕ್ಕಿತ್ತು ಯವ್ವಾ? ಈಗ ನೀ ಬಿದ್ದೆಲ್ಲ.”

ಸೋಮವಾರ ಬಂತು, ಹೋಯಿತು. ನೌಕರಿ ಇನ್ನೊಬ್ಬರಿಗೆ ಹೋಯಿತು. ನನ್ನನ್ನು ಯಾರೂ ಕಟ್ಟಿ ಹಾಕಿಲ್ಲ. ಹೋದರೆ ಪೊಲೀಸರು ಹಿಡಿಯುತ್ತಾರೇನು ಎಂದು ನನ್ನ ತಂಗಿ ಫೋನಿನಲ್ಲಿ ಬೈಯುತ್ತಾಳೆ. ಹೌದಲ್ಲ ಎಂದು ಒಮ್ಮೆ ಸವದತ್ತಿಯ ಲಗ್ನಕ್ಕೆ ಹೋಗಿ ಆ ರಾತ್ರಿ ಅಲ್ಲೇ ಉಳಿಯುವ ನಿರ್ಧಾರ ಮಾಡಿದೆ. ಸಂಜೆಯಾದಂತೆ, ನಾನು ಇಲ್ಲೇ ಸತ್ತರೆ ಹೊಲಗಳ ಗತಿಯೇನು ಎನ್ನಿಸತೊಡಗಿತು. ಉಂಡ ತಾಟು ಅಲ್ಲೇ ಬಿಟ್ಟು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಮೊಬೈಲಿನಲ್ಲಿ ತುಂಬಿಸಿಟ್ಟು ನನ್ನನ್ನು ಬಿಡಿರಿ ಎಂದು ಅಜ್ಜಾರನ್ನೂ ಕೇಳಿ ನೋಡಿದ್ದೇನೆ. ಅದೂ ಕೈಗೆ ಸಿಗುವಂಥದ್ದೇ ಎಂದರು. ಕಲಿಯಲು ಬರುವವರಿಲ್ಲ. ಬಂದರೂ, ಕಲಿಸುವಷ್ಟು ಕಲ್ಲುಮನಸ್ಸು ನನಗಿದೆಯೋ ಇಲ್ಲವೋ.

ಮಾವನ ತಲೆಯಿಂದ ಈಗ ಹೊಲಗಳೆಲ್ಲ ಹೋಗಿವೆ. ಮಗನ ಗುರುತು ಹತ್ತುವುದಿಲ್ಲ. ಉಂಡದ್ದು ನೆನಪಿರುವುದಿಲ್ಲ. ಆದರೆ ಬೆಳಗಾದರೆ ಕಟ್ಟೆಯ ಮೇಲೆ ಬಂದು ಕುಳಿತು, ನನ್ನನ್ನು ಕಂಡ ಕೂಡಲೇ ಗಾಬರಿಯಾಗುತ್ತಾರೆ.

“ಇನ್ನೂ ಇಲ್ಲೇ ಅದಿಯೇನ ಯವ್ವಾ? ರಾಮದುರ್ಗದ ಬಸ್ಸ ಹೊಂಟೈತಿ, ಲಗೂನ ಹೋಗು.”

ಮೊದಮೊದಲು ತಿಳಿಸಿ ಹೇಳುತ್ತಿದ್ದೆ. ಹೇಳಿದರೆ ಅಳುತ್ತಿದ್ದರು. ಈಗ ಹೊಂಟೇನ್ರಿ ಎಂದು ಚಪ್ಪಲಿ ಮೆಟ್ಟಿಕೊಂಡು ಅವರೆದುರೇ ಬೀದಿಗೆ ಇಳಿಯುತ್ತೇನೆ. ಅವರು ಕೈ ಬೀಸುತ್ತಾರೆ. ಓಣಿ ತಿರುಗುವತನಕ ಹಿಂದೆ ನೋಡದೆ ನಡೆಯುತ್ತೇನೆ, ಆಮೇಲೆ ಸುತ್ತು ಹಾಕಿ ಹಿತ್ತಲಿನಿಂದ ಒಳಗೆ ಬಂದು ರೊಟ್ಟಿಗೆ ಕೂರುತ್ತೇನೆ. ಹೊರಗೆ ಕಟ್ಟೆಯ ಮೇಲೆ ಮಾವ, ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, ನಮ್ಮ ಸೊಸಿ ನೌಕರಿಗೆ ಹೋದಳು ಎಂದು ಹೇಳುತ್ತಿರುತ್ತಾರೆ.